ಅಪ್‌ಡೇಟ್ ಸೂಚನೆಗಳ ಮೇಲಿನ ಮಾಲ್‌ವೇರ್ ಗುಮಾನಿ

ತಂತ್ರಾಂಶ ತಯಾರಿಸಿದ ಕಂಪನಿಯೇ ಕಳುಹಿಸಿದ ಅಪ್‌ಡೇಟ್ ಸೂಚನೆಯನ್ನೋ, ಅಪ್‌ಡೇಟ್ ಮುಗಿದ ಮೇಲೆ ಯಂತ್ರದಲ್ಲಿ ಉಳಿದ ಅಪರಿಚಿತ ಫೈಲನ್ನೋ ಬಳಕೆದಾರರು ವೈರಸ್ ಎಂದೋ ಬೇಹುಗಾರಿಕೆಯ ತಂತ್ರಾಂಶವೆಂದೋ ತಿಳಿದು ತಡೆಯುವುದು, ಅಳಿಸುವುದು, ಇಲ್ಲವೇ ಹೆದರಿ ಯಂತ್ರವನ್ನೇ ಆರಿಸಿಬಿಡುವುದು ಕಂಪ್ಯೂಟರ್ ಭದ್ರತೆಯ ಹಳೆಯ ತೊಡಕುಗಳಲ್ಲೊಂದು. ನಕಲಿ ಅಪ್‌ಡೇಟ್‌ಗಳ ಬಗ್ಗೆ ಎಚ್ಚರಿಕೆಯ ಬರಹಗಳು ಬೇಕಾದಷ್ಟಿವೆ. ಅಸಲಿಯನ್ನು ನಕಲಿ ಎಂದುಕೊಳ್ಳುವುದರ ಬಗ್ಗೆ ಬರೆದದ್ದು ಕಡಿಮೆ. ಅದರಿಂದ ಅಪ್‌ಡೇಟ್ ತಪ್ಪಿದರೆ ಆಗುವ ನಷ್ಟ ಮಾತ್ರ ಚಿಕ್ಕದಲ್ಲ. ವಿಂಡೋಸ್‌ನ ಒಂದು ಗಂಭೀರ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ತೇಪೆ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳ ನಂತರ, ಮೇ 12ರಂದು, ಅದೇ ದೋಷವನ್ನು ಹಿಡಿದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಸಿಕ್ಕಿಬಿದ್ದದ್ದು ತೇಪೆ ಬೀಳದ ಯಂತ್ರಗಳು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೇ ಮುಂದಕ್ಕೆ ಹೋಯಿತು.

ಈ ಗುಮಾನಿಯನ್ನು ಬಳಕೆದಾರರ ಅಜ್ಞಾನವೆಂದು ತಳ್ಳಿಹಾಕುವ ರೂಢಿ ತಂತ್ರಜ್ಞರಲ್ಲಿದೆ. ಕಳೆದ ಎರಡು ದಶಕಗಳ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ. ಬಹಳಷ್ಟು ಸಲ ಅಸಲಿ ಸೂಚನೆ ಮಾಲ್‌ವೇರ್‌ನಂತೆ ಕಂಡದ್ದು ಅದು ಮಾಲ್‌ವೇರ್‌ನಂತೆಯೇ ನಡೆದುಕೊಂಡಿದ್ದರಿಂದ. ಗುಮಾನಿ ಪಡುವುದನ್ನು ಜನರಿಗೆ ಕಲಿಸಿದವರಲ್ಲಿ ವಂಚಕರ ಜೊತೆಗೆ ತಯಾರಕರೂ ಇದ್ದಾರೆ.

ಹಿನ್ನೆಲೆ

ವಿಂಡೋಸ್ 98ರ ಹೊತ್ತಿಗೆ ಅಪ್‌ಡೇಟ್ ಎಂದರೆ ಬಳಕೆದಾರ ತಾನೇ ಒಂದು ಜಾಲತಾಣಕ್ಕೆ ಹೋಗಿ ತಂದುಕೊಳ್ಳುವ ವಸ್ತುವಾಗಿತ್ತು. 2000ದಲ್ಲಿ ಬಂದ ವಿಂಡೋಸ್ ಎಮ್‌ಇ ಅದನ್ನು ತಾನಾಗಿ ಬರುವಂತೆ ಮಾಡಿತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ (ತಾನಾಗಿ ಹರಡುವ ಮಾಲ್‌ವೇರ್) ಹರಡಿದ ಮೇಲೆ ಮೈಕ್ರೋಸಾಫ್ಟ್ ತಿಂಗಳಿಗೊಮ್ಮೆ, ಎರಡನೆಯ ಮಂಗಳವಾರ, ತೇಪೆಗಳನ್ನು ಬಿಡುವ ಪದ್ಧತಿ ಆರಂಭಿಸಿತು. ಮರುವರ್ಷ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಸ್ವಯಂಚಾಲಿತ ಅಪ್‌ಡೇಟ್ ಆನ್ ಮಾಡಿಕೊಳ್ಳಿ ಎಂದು ಒತ್ತಾಯಿಸತೊಡಗಿತು. ಹೀಗೆ ಕರೆಯದೆ ಬಂದು ಬಾಗಿಲು ತಟ್ಟುವ ಸೂಚನೆ ನಿತ್ಯದ ಸಂಗತಿಯಾಯಿತು.

ನಕಲಿಯೂ ಅದೇ ಕಾಲದ್ದು. 2003ರ ಸೆಪ್ಟೆಂಬರ್‌ನಲ್ಲಿ ಹರಡಿದ ಸ್ವೆನ್ ವರ್ಮ್, ಮೈಕ್ರೋಸಾಫ್ಟ್‌ನ ಭದ್ರತಾ ತೇಪೆಯ ವೇಷದ ಇಮೇಲ್‌ನಲ್ಲಿ ಬಂದಿತ್ತು. ತಾನು ಎಂದೂ ಇಮೇಲ್‌ನೊಂದಿಗೆ ಅಪ್‌ಡೇಟ್ ಲಗತ್ತಿಸಿ ಕಳುಹಿಸುವುದಿಲ್ಲ ಎಂದು ಕಂಪನಿ ಹೇಳಬೇಕಾಯಿತು. ಆಮೇಲೆ ನಕಲಿ ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್‌ಗಳ ಕಾಲ. ಮ್ಯಾಕ್ ಯಂತ್ರಗಳನ್ನು ಕಾಡಿದ ಫ್ಲ್ಯಾಶ್‌ಬ್ಯಾಕ್ ಮೊದಲು 2011ರಲ್ಲಿ ಆ ವೇಷದಲ್ಲೇ ಬಂತು. 2017ರ ಅಕ್ಟೋಬರ್‌ನಲ್ಲಿ ರಷ್ಯಾ, ಉಕ್ರೇನ್‌ಗಳಲ್ಲಿ ಹಬ್ಬಿದ ಬ್ಯಾಡ್ ರ‍್ಯಾಬಿಟ್ ಕೂಡ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಅನ್ನೇ ನಿಲ್ಲಿಸಿದ್ದರಿಂದ, ಈಗ ಫ್ಲ್ಯಾಶ್ ಅಪ್‌ಡೇಟ್ ಮಾಡಿ ಎಂದು ಕೇಳುವ ಯಾವ ಕಿಟಕಿಯೂ ಅಸಲಿಯಾಗಿರಲಾರದು. ಇಡೀ ಕ್ಷೇತ್ರದಲ್ಲಿ ಇಷ್ಟು ಖಚಿತವಾಗಿ ಹೇಳಬಹುದಾದ ಮಾತು ಬೇರೆ ಸಿಗುವುದು ಕಷ್ಟ.

ಅರ್ಥವಾಗದ ಹೆಸರು, ವಿವರವಿಲ್ಲದ ಫೈಲ್

ಗುಮಾನಿಯ ಅತಿ ಸರಳ ಮೂಲ ಹೆಸರು. ಜಾವಾ ಇದ್ದ ಕಂಪ್ಯೂಟರ್‌ಗಳಲ್ಲಿ ವರ್ಷಗಟ್ಟಲೆ, ಯಾರೂ ಏನೂ ಒತ್ತದಿದ್ದಾಗ, ಪರದೆ ಮಬ್ಬಾಗಿ ‘ಜುಚೆಕ್’ ಎಂಬ ಫೈಲ್‌ಗೆ ಯಂತ್ರದಲ್ಲಿ ಬದಲಾವಣೆ ಮಾಡಲು ಬಿಡಬೇಕೇ ಎಂಬ ಪ್ರಶ್ನೆ ಏಳುತ್ತಿತ್ತು. ಅದು ಜಾವಾದ ಅಪ್‌ಡೇಟ್ ಪರೀಕ್ಷಕ. ಆದರೆ ಹೆಸರಿನಲ್ಲಿ ಜಾವಾ ಇಲ್ಲ. 2010ರಲ್ಲಿ ಜಾವಾ ರೂಪಿಸಿದ ಸನ್ ಕಂಪನಿ ಒರಾಕಲ್‌ನ ಕೈಸೇರಿದ ಮೇಲೆ ಪ್ರಕಾಶಕರ ಜಾಗದಲ್ಲಿ ಕಂಡದ್ದು ಒರಾಕಲ್ ಅಮೆರಿಕ ಎಂಬ, ಸಾಮಾನ್ಯ ಬಳಕೆದಾರ ಕೇಳಿರದ ಹೆಸರು. ‘ಬೇಡ’ ಎಂದವರು ತಮಗೆ ಹೇಳಿಕೊಟ್ಟ ಎಚ್ಚರವನ್ನೇ ಪಾಲಿಸಿದ್ದರು. ‘ಸರಿ’ ಎಂದವರಿಗೆ ಬೇರೊಂದು ಕಾಟ ಕಾದಿತ್ತು: ಆಸ್ಕ್ ಟೂಲ್‌ಬಾರ್ ಅಳವಡಿಸುವ ಚೌಕದಲ್ಲಿ ಮೊದಲೇ ಗುರುತು ಬಿದ್ದಿರುತ್ತಿತ್ತು, ಅದನ್ನು ಗಮನಿಸಿ ತೆಗೆಯಬೇಕಿತ್ತು. ಭದ್ರತೆಗಾಗಿ ಅಪ್‌ಡೇಟ್ ಮಾಡಿದವನ ಬ್ರೌಸರ್‌ನಲ್ಲಿ ಬೇಡದ ಪಟ್ಟಿಯೊಂದು ಕೂತಿತು. ಅದೂ ಸಾಲದೆಂಬಂತೆ, ಅಪ್‌ಡೇಟ್ ಹಳೆಯ ದೋಷಪೂರಿತ ಜಾವಾ ಆವೃತ್ತಿಗಳನ್ನು ಯಂತ್ರದಲ್ಲೇ ಬಿಟ್ಟು ಹೋಗುತ್ತಿತ್ತು. ಬಳಕೆದಾರರಿಗೆ ಇದನ್ನು ತಿಳಿಸದೆ ಸುರಕ್ಷಿತರೆಂದು ನಂಬಿಸಿದ್ದಕ್ಕಾಗಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒರಾಕಲ್ ಮೇಲೆ ಆರೋಪ ಹೊರಿಸಿತು. 2015ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು.

ವಿಂಡೋಸ್‌ನಲ್ಲಿ ಇನ್ನೊಂದು ಬಗೆಯ ದಿಗಿಲು. ಅಪ್‌ಡೇಟ್ ಬಂದಾಗ ಅದು ತನ್ನ ಫೈಲ್‌ಗಳನ್ನು ತಾತ್ಕಾಲಿಕವಾಗಿ ಬಿಚ್ಚಲು ಹೆಚ್ಚು ಜಾಗವಿರುವ ಡ್ರೈವನ್ನು ಹುಡುಕುತ್ತಿತ್ತು. ಎಷ್ಟೋ ಸಲ ಅದು ಮನೆಯ ಫೋಟೊ, ವಿಡಿಯೊ ತುಂಬಿಟ್ಟ ಹೊರಗಿನ ಹಾರ್ಡ್‌ಡಿಸ್ಕ್. ಅಲ್ಲಿ ಅಕ್ಷರ ಅಂಕಿಗಳನ್ನು ಕಲಸಿದ ಉದ್ದ ಹೆಸರಿನ ಫೋಲ್ಡರ್ ಹುಟ್ಟುತ್ತಿತ್ತು; ಕೆಲಸ ಅರ್ಧಕ್ಕೆ ನಿಂತರೆ ಅಲ್ಲೇ ಉಳಿಯುತ್ತಿತ್ತು; ಅಳಿಸಹೋದರೆ ಅನುಮತಿ ಇಲ್ಲ ಎನ್ನುತ್ತಿತ್ತು. ಒಳಗಿರುತ್ತಿದ್ದದ್ದು ಹಲವು ಸಲ ಮೈಕ್ರೋಸಾಫ್ಟ್ 2005ರಿಂದ ಕಳುಹಿಸುತ್ತಿರುವ, ಮಾಲ್‌ವೇರ್ ತೆಗೆಯುವ ಉಪಕರಣದ ತುಣುಕು. ಅಂದರೆ ವೈರಸ್ ಹುಡುಕಲು ಬಂದದ್ದೇ ವೈರಸ್‌ನ ಎಲ್ಲ ಲಕ್ಷಣ ತೋರುತ್ತಿತ್ತು.

2025ರ ಏಪ್ರಿಲ್‌ನಲ್ಲಿ ಇದೇ ಕಥೆ ಹೊಸ ರೂಪದಲ್ಲಿ ಬಂತು. ಆ ತಿಂಗಳ ಭದ್ರತಾ ಅಪ್‌ಡೇಟ್ ನಂತರ ಸಿ ಡ್ರೈವ್‌ನಲ್ಲಿ ‘ಇನೆಟ್‌ಪಬ್’ ಎಂಬ ಖಾಲಿ ಫೋಲ್ಡರ್ ಕಾಣಿಸಿಕೊಂಡಿತು. ಸಾಮಾನ್ಯವಾಗಿ ಅದು ವೆಬ್ ಸರ್ವರ್ ನಡೆಸುವವರ ಯಂತ್ರದಲ್ಲಿರುವಂಥದು. ಮನೆಯ ಲ್ಯಾಪ್‌ಟಾಪಿನಲ್ಲಿ ಕಂಡವರು ಯಾರೋ ಒಳನುಗ್ಗಿದ್ದಾರೆಂದು ತಿಳಿದು ಅಳಿಸಿದರು. ಅದು ಒಂದು ದೋಷಕ್ಕೆ ಹಾಕಿದ ತೇಪೆಯ ಭಾಗ, ಅಳಿಸಬೇಡಿ ಎಂದು ಮೈಕ್ರೋಸಾಫ್ಟ್ ಹೇಳಿದ್ದು ಫೋಲ್ಡರ್ ಬಂದ ಮೇಲೆ. ಮೊದಲೇ ಒಂದು ಸಾಲು ಬರೆದಿದ್ದರೆ ತಪ್ಪುತ್ತಿದ್ದ ಗೊಂದಲವಿದು.

ಅಸಲಿ ವಾಹಿನಿಯಲ್ಲಿ ಬಂದ ಅಸಂಬದ್ಧ

2015ರ ಸೆಪ್ಟೆಂಬರ್ 30ರ ಘಟನೆಗೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಅಂದು ವಿಂಡೋಸ್ 7 ಬಳಸುವ ಹಲವರ ಯಂತ್ರದಲ್ಲಿ, ವಿಂಡೋಸ್ ಅಪ್‌ಡೇಟ್‌ನ ನಿಜವಾದ ಪಟ್ಟಿಯೊಳಗೇ, ಒಂದು ‘ಮುಖ್ಯ’ ಅಪ್‌ಡೇಟ್ ಕಂಡಿತು. ಹೆಸರು ಉದ್ದಕ್ಕೂ ಅರ್ಥವಿಲ್ಲದ ಅಕ್ಷರಗಳ ಸಾಲು. ವಿವರಣೆಯೂ ಹಾಗೆಯೇ. ಹೆಚ್ಚಿನ ಮಾಹಿತಿಗೆಂದು ಕೊಟ್ಟ ವಿಳಾಸಗಳು ಎಲ್ಲಿಗೂ ಹೋಗದ ಕಲಸುಮೇಲೋಗರ. ಗಾತ್ರ ಸುಮಾರು 4.3 ಎಂಬಿ. ವಿಂಡೋಸ್ ಅಪ್‌ಡೇಟ್ ವ್ಯವಸ್ಥೆಯನ್ನೇ ಯಾರೋ ವಶಪಡಿಸಿಕೊಂಡಿದ್ದಾರೆ ಎಂಬ ಭಯ ಗಂಟೆಗಳಲ್ಲಿ ಹಬ್ಬಿತು. ಆ ಭಯ ಉತ್ಪ್ರೇಕ್ಷೆಯಾಗಿರಲಿಲ್ಲ: ಆ ವಾಹಿನಿ ನಿಜಕ್ಕೂ ಕೈತಪ್ಪಿದ್ದರೆ ಕೋಟ್ಯಂತರ ಯಂತ್ರಗಳು ಒಂದೇ ಏಟಿಗೆ ಹೋಗುತ್ತಿದ್ದವು. ಪರೀಕ್ಷೆಗಾಗಿ ಮಾಡಿದ ಅಪ್‌ಡೇಟೊಂದು ತಪ್ಪಿ ಪ್ರಕಟವಾಯಿತು, ತೆಗೆಯುತ್ತಿದ್ದೇವೆ ಎಂದು ಮೈಕ್ರೋಸಾಫ್ಟ್ ತಿಳಿಸಿತು.

ಇದೇ ಜಾತಿಯ ಇನ್ನೂ ಎರಡು ಪ್ರಕರಣಗಳಿವೆ. 2017ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಬಳಕೆದಾರರು ತಾವು ಹಾಕಿಕೊಳ್ಳದ ‘ಲುಕಿಂಗ್ ಗ್ಲಾಸ್’ ಎಂಬ ಆಡ್-ಆನ್ ಅನ್ನು ತಮ್ಮ ಬ್ರೌಸರ್‌ನಲ್ಲಿ ಕಂಡರು. ವಿವರಣೆಯ ಜಾಗದಲ್ಲಿ ಒಗಟಿನಂಥ ಒಂದೇ ವಾಕ್ಯ. ಅದು ಮಿಸ್ಟರ್ ರೋಬೋಟ್ ಟಿವಿ ಸರಣಿಯ ಪ್ರಚಾರದ ಆಟವಾಗಿತ್ತು, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ತನ್ನ ಪ್ರಯೋಗಗಳಿಗೆಂದು ಇಟ್ಟುಕೊಂಡ ದಾರಿಯಲ್ಲಿ ಕಳುಹಿಸಿತ್ತು. ಖಾಸಗಿತನದ ಪರ ನಿಲ್ಲುವ ಸಂಸ್ಥೆ ಎಂದು ನಂಬಿದ್ದವರಿಗೆ ಇದು ನೋವಿನ ಸಂಗತಿ; ಮೊಜಿಲ್ಲಾ ಕ್ಷಮೆ ಕೇಳಿತು. 2020ರ ಫೆಬ್ರುವರಿ 20ರಂದು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ‘ಫೈಂಡ್ ಮೈ ಮೊಬೈಲ್’ ಹೆಸರಿನಲ್ಲಿ ‘1’, ಅದರ ಕೆಳಗೆ ಇನ್ನೊಂದು ‘1’ ಎಂಬ ಸೂಚನೆ ಬಂತು. ಕಳೆದುಹೋದ ಫೋನನ್ನು ದೂರದಿಂದಲೇ ಬೀಗ ಹಾಕಿ ಅಳಿಸಬಲ್ಲ ಸೇವೆಯಿಂದ ಅಂಥ ಸಂದೇಶ ಬಂದರೆ ಯಾರು ತಾನೇ ಗಾಬರಿಯಾಗುವುದಿಲ್ಲ? ಒಳಗಿನ ಪರೀಕ್ಷೆಯ ವೇಳೆ ತಪ್ಪಿ ಹೋದದ್ದೆಂದು ಕಂಪನಿ ವಿವರಿಸಿತು.

ವಿಂಡೋಸ್ 10 ಪ್ರಸಂಗ

ಗುಮಾನಿಯನ್ನು ಬೇರೂರಿಸಿದ ದೊಡ್ಡ ಪ್ರಸಂಗ ‘ಗೆಟ್ ವಿಂಡೋಸ್ 10’. 2015ರ ವಸಂತದಲ್ಲಿ ಕೆಬಿ3035583 ಎಂಬ ಅಪ್‌ಡೇಟ್ ವಿಂಡೋಸ್ 7 ಮತ್ತು 8.1ರ ಮೇಲೆ ಇಳಿಯಿತು. ಆಮೇಲೆ ಪರದೆಯ ಮೂಲೆಯಲ್ಲಿ ವಿಂಡೋಸ್ ಲಾಂಛನದ ಪುಟ್ಟ ಗುರುತು ಕೂತು, ಉಚಿತವಾಗಿ ಹೊಸ ವಿಂಡೋಸ್ ಪಡೆಯಿರಿ ಎಂದು ಕರೆಯತೊಡಗಿತು. ಕಂಪನಿ ಹಣ ಕೇಳದೆ ವಿಂಡೋಸ್ ಕೊಡುತ್ತದೆ ಎಂಬುದನ್ನೇ ಆಗ ನಂಬುವುದು ಕಷ್ಟವಿತ್ತು, ಹಾಗಾಗಿ ಮೊದಲ ಗುಮಾನಿ ಸಹಜ. ಮುಂದಿನ ತಿಂಗಳುಗಳಲ್ಲಿ ನಡೆದದ್ದು ಗುಮಾನಿಗೆ ಪುರಾವೆ ಒದಗಿಸಿತು. ಬೇಡವೆಂದು ಮರೆಮಾಡಿದ ಅಪ್‌ಡೇಟ್ ಮತ್ತೆ ಮತ್ತೆ ಹೊಸದಾಗಿ ಹಾಜರಾಯಿತು. ಒಪ್ಪಿಗೆ ಕೊಡದವರ ಡಿಸ್ಕಿನಲ್ಲೂ ಮರೆಯಾದ ಫೋಲ್ಡರೊಂದರಲ್ಲಿ ಹಲವು ಜಿಬಿ ಫೈಲ್‌ಗಳು ಇಳಿದು ಕೂತವು. 2016ರ ಮೇ ಹೊತ್ತಿಗೆ ಕಿಟಕಿಯ ಮೂಲೆಯ ಕೆಂಪು ಗುಣಾಕಾರ ಚಿಹ್ನೆಯ ಅರ್ಥವೇ ಬದಲಾಗಿತ್ತು: ಅದನ್ನೊತ್ತಿ ಕಿಟಕಿ ಮುಚ್ಚಿದರೆ, ನಿಗದಿಯಾದ ಸಮಯಕ್ಕೆ ಅಪ್‌ಗ್ರೇಡ್ ನಡೆಯಲಿ ಎಂದು ಒಪ್ಪಿದಂತೆ ಲೆಕ್ಕ.

ಈ ಕೊನೆಯ ಸಂಗತಿ ಸಣ್ಣದೆಂದು ತೋರಬಹುದು. ಅಪರಿಚಿತ ಕಿಟಕಿ ಎದ್ದರೆ ಒಳಗಿನ ಯಾವ ಗುಂಡಿಯನ್ನೂ ಒತ್ತದೆ ಮೂಲೆಯ ಗುಣಾಕಾರದಿಂದ ಮುಚ್ಚಿ ಎಂಬುದು ವಿಂಡೋಸ್ ಬಳಕೆದಾರರಿಗೆ ಎರಡು ದಶಕ ಹೇಳಿಕೊಟ್ಟ ಪಾಠ. ಆ ಪಾಠವನ್ನು ನಂಬಿದವರನ್ನೇ ವಿಂಡೋಸ್ ತಯಾರಕರು ಸಿಕ್ಕಿಸಿದರು. ಒಪ್ಪಿಗೆಯಿಲ್ಲದೆ ನಡೆದ ಅಪ್‌ಗ್ರೇಡ್‌ನಿಂದ ತನ್ನ ವ್ಯವಹಾರ ಕೆಟ್ಟಿತೆಂದು ಕ್ಯಾಲಿಫೋರ್ನಿಯಾದ ಟ್ರಾವೆಲ್ ಏಜೆನ್ಸಿ ನಡೆಸುವ ಮಹಿಳೆಯೊಬ್ಬರು ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪಡೆದರು. ಟೀಕೆ ಹೆಚ್ಚಿದ ಮೇಲೆ, ಉಚಿತ ಅವಧಿ ಮುಗಿಯಲು ತಿಂಗಳೊಂದಿರುವಾಗ, ನೇರವಾಗಿ ‘ಬೇಡ’ ಎನ್ನುವ ಆಯ್ಕೆ ಬಂತು. ತಾವು ಮಿತಿ ಮೀರಿದ್ದು ನಿಜವೆಂದು ಕಂಪನಿಯ ಆಗಿನ ಮಾರುಕಟ್ಟೆ ಮುಖ್ಯಸ್ಥ ಕ್ರಿಸ್ ಕಪೊಸೆಲಾ ಆ ವರ್ಷದ ಕೊನೆಯಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಅನೇಕರು ಸ್ವಯಂಚಾಲಿತ ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿದ್ದರು. ಭದ್ರತಾ ಸಲಹೆಗಾರ ಸ್ಟೀವ್ ಗಿಬ್ಸನ್ ‘ನೆವರ್10’ ಎಂಬ ಪುಟ್ಟ ಉಪಕರಣ ಬರೆದದ್ದು ಅಪ್‌ಗ್ರೇಡನ್ನಷ್ಟೇ ತಡೆದು ಭದ್ರತಾ ತೇಪೆಗಳಿಗೆ ದಾರಿ ಬಿಡಲೆಂದು. ಅದು ನಿಜವಾದ ಸೇವೆ. ಇತ್ತ ವಂಚಕರೂ ಸುಮ್ಮನಿರಲಿಲ್ಲ: ಉಚಿತ ಅವಧಿ ಶುರುವಾದ ಕೆಲವೇ ದಿನಗಳಲ್ಲಿ, ವಿಂಡೋಸ್ 10 ಆಹ್ವಾನದ ವೇಷದ ಇಮೇಲ್‌ಗಳು ಸಿಟಿಬಿ-ಲಾಕರ್ ಎಂಬ ಸುಲಿಗೆ ತಂತ್ರಾಂಶವನ್ನು ಹೊತ್ತು ಬಂದಿದ್ದವು.

ಇಂಥ ಒತ್ತಾಯ ಒಂದೇ ಕಂಪನಿಯದಲ್ಲ. 2008ರ ಮಾರ್ಚ್‌ನಲ್ಲಿ ಆಪಲ್, ಐಟ್ಯೂನ್ಸ್‌ಗೆಂದು ವಿಂಡೋಸ್‌ನಲ್ಲಿಟ್ಟಿದ್ದ ಅಪ್‌ಡೇಟ್ ಉಪಕರಣದ ಮೂಲಕ, ಕೇಳದವರಿಗೂ ಸಫಾರಿ ಬ್ರೌಸರ್ ಮುಂದಿಟ್ಟಿತು. ಇದು ಮಾಲ್‌ವೇರ್ ಹಂಚುವವರ ರೀತಿಗೆ ಹತ್ತಿರವಾದದ್ದು ಎಂದು ಮೊಜಿಲ್ಲಾದ ಆಗಿನ ಮುಖ್ಯಸ್ಥ ಜಾನ್ ಲಿಲ್ಲಿ ಬಹಿರಂಗವಾಗಿ ಖಂಡಿಸಿದರು. ಅಪ್‌ಡೇಟ್ ವಾಹಿನಿಯಲ್ಲಿ ಸರಕು ಮಾರಿದರೆ ಜನ ಭದ್ರತಾ ತೇಪೆಯನ್ನೂ ನಂಬುವುದು ಬಿಡುತ್ತಾರೆ ಎಂಬ ಅವರ ವಾದ ಮುಂದೆ ಅಕ್ಷರಶಃ ನಿಜವಾಯಿತು. 2023ರ ಆಗಸ್ಟ್‌ನಲ್ಲಿ ಕ್ರೋಮ್ ಬಳಸುವವರ ಪರದೆಯ ಮೇಲೆ ‘ಬಿಂಗ್ ಹುಡುಕಾಟಕ್ಕೆ ಬದಲಾಯಿಸಿಕೊಳ್ಳಿ’ ಎಂಬ ಕಿಟಕಿ ಎದ್ದಾಗ, ಹಲವರು ಮಾಲ್‌ವೇರ್ ಹೊಕ್ಕಿತೆಂದು ಶೋಧನೆ ನಡೆಸಿದರು. ಸಿಕ್ಕದ್ದು ಮೈಕ್ರೋಸಾಫ್ಟ್‌ನ ಸಹಿಯುಳ್ಳ ಫೈಲ್.

ಮೊಬೈಲ್‌ನಲ್ಲಿ ಮೌನ

ಫೋನ್‌ಗಳಲ್ಲಿ ತೊಂದರೆ ತಿರುವುಮುರುವು. ಅಲ್ಲಿ ಹಲವು ಸಲ ಸೂಚನೆಯೇ ಇರುವುದಿಲ್ಲ, ವಸ್ತು ಮಾತ್ರ ಪ್ರತ್ಯಕ್ಷವಾಗುತ್ತದೆ. 2018ರ ಆಗಸ್ಟ್ 3ರಂದು ಭಾರತದ ಸಾವಿರಾರು ಆಂಡ್ರಾಯ್ಡ್ ಬಳಕೆದಾರರು ತಮ್ಮ ಫೋನಿನ ಸಂಪರ್ಕ ಪಟ್ಟಿಯಲ್ಲಿ ಆಧಾರ್ ಪ್ರಾಧಿಕಾರವಾದ ಯುಐಡಿಎಐ ಹೆಸರಿನ ಸಹಾಯವಾಣಿ ಸಂಖ್ಯೆ ಕಂಡು ಬೆಚ್ಚಿದರು. ಬೆಂಗಳೂರಿನಿಂದ ಹಿಡಿದು ಹಳ್ಳಿಗಳವರೆಗೆ ಎಲ್ಲರದೂ ಅಂದು ಒಂದೇ ಪ್ರಶ್ನೆ: ನಾವು ಉಳಿಸದ ಸಂಖ್ಯೆ ಒಳಗೆ ಬಂದದ್ದು ಹೇಗೆ? ಆಧಾರ್ ಮಾಹಿತಿಯ ಸುರಕ್ಷತೆಯ ಚರ್ಚೆ ಕಾವೇರಿದ್ದ ದಿನಗಳವು. ಸರ್ಕಾರವೇ ಫೋನಿನೊಳಗೆ ಕೈಹಾಕಿದೆ ಎಂಬ ಸುದ್ದಿ ಹರಡಿತು. ತಾನು ಯಾರಿಗೂ ಹಾಗೆ ಮಾಡಲು ಹೇಳಿಲ್ಲ, ಆ ಸಂಖ್ಯೆ ಹಳೆಯದು ಎಂದು ಪ್ರಾಧಿಕಾರ ಹೇಳಿತು. ಅಂದೇ ರಾತ್ರಿ ಗೂಗಲ್ ಹೊಣೆ ಹೊತ್ತಿತು: 2014ರಲ್ಲಿ ಭಾರತದ ಫೋನ್ ತಯಾರಕರಿಗೆ ಕೊಟ್ಟ ಸೆಟಪ್ ತಂತ್ರಾಂಶದಲ್ಲಿ ಆ ಸಂಖ್ಯೆ ಮತ್ತು ತುರ್ತು ಸಹಾಯವಾಣಿ 112 ಅಜಾಗರೂಕತೆಯಿಂದ ಸೇರಿದ್ದವು; ಸಂಪರ್ಕ ಪಟ್ಟಿ ಖಾತೆಯ ಜೊತೆ ಸಾಗುವುದರಿಂದ ಹೊಸ ಫೋನ್‌ಗಳಿಗೂ ದಾಟಿದವು. ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದ ಎರಡು ಸಾಲುಗಳು ಒಂದು ದಿನದಲ್ಲಿ ದೇಶದ ಆತಂಕವಾದವು.

2021ರ ಜೂನ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕೋವಿಡ್ ಸಂಪರ್ಕ ತಿಳಿಸುವ ‘ಮಾಸ್‌ನೋಟಿಫೈ’ ಜನರ ಫೋನ್‌ಗಳಲ್ಲಿ ತಾನಾಗಿ ಕಂಡುಬಂತು. 2024ರ ಕೊನೆಯಿಂದ ‘ಆಂಡ್ರಾಯ್ಡ್ ಸಿಸ್ಟಮ್ ಸೇಫ್ಟಿಕೋರ್’ ಎಂಬ ಭಾಗ ಸದ್ದಿಲ್ಲದೆ ಬಂದು ಕೂತಾಗಲೂ ಅದೇ ಕೂಗು. ಅಶ್ಲೀಲ ಚಿತ್ರಗಳ ಬಗ್ಗೆ ಎಚ್ಚರಿಸುವ ಸೌಲಭ್ಯಕ್ಕೆ ಬೇಕಾದ, ಫೋನಿನೊಳಗೇ ಕೆಲಸ ಮಾಡುವ ಘಟಕವದು ಎಂದು ಗೂಗಲ್ ಹೇಳಿದೆ. ಅದು ನಿಜವೇ ಇರಲಿ, ಚಿತ್ರಗಳನ್ನು ಪರೀಕ್ಷಿಸಬಲ್ಲ ವಸ್ತುವನ್ನು ಹೇಳದೆ ತಂದಿಡುವುದು ಸರಿಯಾದ ನಡತೆಯಲ್ಲ.

ಆಂಟಿವೈರಸ್‌ಗೂ ತಿಳಿಯದಾಗ

ಮನುಷ್ಯರಷ್ಟೇ ತಪ್ಪುವುದಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀ ಆಂಟಿವೈರಸ್, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಫೈಲ್ ಎಸ್‌ವಿಸಿಹೋಸ್ಟ್ ಅನ್ನೇ ವೈರಸ್ ಎಂದು ಹಿಡಿದು ಅಸಂಖ್ಯ ಯಂತ್ರಗಳನ್ನು ಕೆಡವಿತು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ಆಂಟಿವೈರಸ್ ತನ್ನದೇ ಅಪ್‌ಡೇಟ್ ಘಟಕವನ್ನು ಮಾಲ್‌ವೇರ್ ಎಂದು ಗುರುತಿಸಿತು, ಹಾಗಾಗಿ ತಪ್ಪನ್ನು ತಿದ್ದುವ ಅಪ್‌ಡೇಟ್ ಕೂಡ ಕೆಲವು ಯಂತ್ರಗಳನ್ನು ತಲುಪದಾಯಿತು. 2022ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್‌ನ ಡಿಫೆಂಡರ್, ಮೈಕ್ರೋಸಾಫ್ಟ್‌ನದೇ ಆಫೀಸ್ ಅಪ್‌ಡೇಟ್ ಅನ್ನು ಸುಲಿಗೆ ತಂತ್ರಾಂಶವೆಂದು ಸಾರಿತು. ಮ್ಯಾಕ್‌ನಲ್ಲಿ 2020ರ ಅಕ್ಟೋಬರ್‌ನಲ್ಲಿ ಎಚ್‌ಪಿ ಪ್ರಿಂಟರ್ ಚಾಲಕಗಳು, 2025ರ ಜನವರಿಯಲ್ಲಿ ಡಾಕರ್ ಎಂಬ ತಂತ್ರಾಂಶ, ಎರಡೂ ಪ್ರಮಾಣಪತ್ರದ ಗೊಂದಲದಿಂದ ಅಪಾಯಕಾರಿ ಎನಿಸಿಕೊಂಡವು. ತಜ್ಞ ಯಂತ್ರಗಳೇ ಹೀಗೆ ಎಡವುವಾಗ, ಮನೆಯಲ್ಲಿ ಕೂತ ಬಳಕೆದಾರನಿಂದ ಸರಿಯಾದ ತೀರ್ಪನ್ನು ನಿರೀಕ್ಷಿಸುವುದು ಹೆಚ್ಚಾಯಿತು.

ಗುಮಾನಿ ಸರಿಯಾಗಿದ್ದ ಸಂದರ್ಭ

ಅಪ್‌ಡೇಟ್ ವಾಹಿನಿಯೇ ಕಲುಷಿತವಾದದ್ದೂ ಉಂಟು. 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಬೇಹುಗಾರಿಕೆಯ ಮಾಲ್‌ವೇರ್, ಮೈಕ್ರೋಸಾಫ್ಟ್‌ನ ಸಹಿಯನ್ನು ನಕಲು ಮಾಡಿ ವಿಂಡೋಸ್ ಅಪ್‌ಡೇಟ್‌ನಂತೆ ನಟಿಸಿತ್ತು. 2017ರ ಜೂನ್ 27ರ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಹರಡಿದ್ದು ಉಕ್ರೇನ್‌ನ ಮೀಡಾಕ್ ಎಂಬ ತೆರಿಗೆ ಲೆಕ್ಕದ ತಂತ್ರಾಂಶದ ಅಪ್‌ಡೇಟ್ ಮೂಲಕ. ಅದೇ ವರ್ಷ ಸಿಕ್ಲೀನರ್, 2020ರಲ್ಲಿ ಸೋಲಾರ್‌ವಿಂಡ್ಸ್ ತಂತ್ರಾಂಶಗಳ ಅಪ್‌ಡೇಟ್‌ಗಳೂ ಹೀಗೇ ಕಲುಷಿತವಾದವು.

ಇವುಗಳಲ್ಲಿ ಏಸಸ್ ಪ್ರಕರಣ ಹೆಚ್ಚು ಯೋಚನೆಗೆ ಹಚ್ಚುವಂಥದು. 2018ರ ಜೂನ್‌ನಲ್ಲಿ ಕೆಲವು ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ತುರ್ತು ಅಪ್‌ಡೇಟ್ ಬಂದಿದೆ ಎಂಬ ಕಿಟಕಿ ಎದ್ದಿತು. ಅದನ್ನು ತೆರೆದರೆ ಯಾವ ಅಪ್‌ಡೇಟ್ ಎಂಬ ವಿವರ ಇರಲಿಲ್ಲ. ಫೈಲಿನ ಹೆಸರಿನಲ್ಲಿ ಕಾಗುಣಿತದ ತಪ್ಪಿತ್ತು. ಬಳಕೆದಾರರು ಸರಿಯಾಗಿಯೇ ಅನುಮಾನಿಸಿದರು. ಆಂಟಿವೈರಸ್‌ಗಳಿಂದ ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಸಹಿ ನೋಡಿದರು, ಏಸಸ್ ಕಂಪನಿಯದೇ. ಹಾಗಾಗಿ ಅಸಲಿ ಇರಬೇಕೆಂದು ಸುಮ್ಮನಾದರು. ಮರುವರ್ಷದ ಮಾರ್ಚ್‌ನಲ್ಲಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಸತ್ಯ ಹೊರಗಿಟ್ಟಿತು: ದಾಳಿಕೋರರು ಕಂಪನಿಯ ಅಪ್‌ಡೇಟ್ ವ್ಯವಸ್ಥೆಯೊಳಗೆ ಸೇರಿ, ಕಂಪನಿಯ ಸಹಿಯೊಂದಿಗೇ ವಿಷ ಹಂಚಿದ್ದರು. ಕ್ಯಾಸ್ಪರ್‌ಸ್ಕಿ ಬಳಸುವವರಲ್ಲೇ 57,000ಕ್ಕೂ ಹೆಚ್ಚು ಜನರ ಯಂತ್ರಕ್ಕೆ ಅದು ಇಳಿದಿತ್ತು. ನಿಜವಾದ ಗುರಿ ಮಾತ್ರ ಸುಮಾರು 600 ನಿರ್ದಿಷ್ಟ ಯಂತ್ರಗಳು. ಅಸಲಿ ಅಪ್‌ಡೇಟ್‌ಗಳು ವರ್ಷಗಟ್ಟಲೆ ವಿವರವಿಲ್ಲದೆ, ವಿಚಿತ್ರ ಹೆಸರಿನಲ್ಲಿ ಬಂದ ಅಭ್ಯಾಸದಿಂದಲೇ ಈ ನಕಲಿಯ ಕೊರತೆಗಳನ್ನು ಜನ ಕ್ಷಮಿಸಿದರು ಎಂಬುದು ಗಮನಿಸಬೇಕಾದದ್ದು.

ಸಂಶೋಧನೆ

ಮಾನವ-ಕಂಪ್ಯೂಟರ್ ಸಂವಹನ ಕುರಿತ 2014ರ ಸಿಎಚ್‌ಐ ಸಮ್ಮೇಳನದಲ್ಲಿ ಕಾಮಿ ವಾನಿಯಾ, ಎಮಿಲೀ ರೇಡರ್ ಮತ್ತು ರಿಕ್ ವಾಶ್ ಮಂಡಿಸಿದ ಅಧ್ಯಯನ, ತಜ್ಞರಲ್ಲದ ವಿಂಡೋಸ್ ಬಳಕೆದಾರರನ್ನು ಸಂದರ್ಶಿಸಿ, ಒಂದು ಅಪ್‌ಡೇಟ್‌ನಿಂದಾದ ಕೆಟ್ಟ ಅನುಭವ ಮುಂದಿನ ಭದ್ರತಾ ಅಪ್‌ಡೇಟ್‌ಗಳನ್ನೂ ತಪ್ಪಿಸುವಂತೆ ಮಾಡುತ್ತದೆ ಎಂದು ತೋರಿಸಿತು. ಮರುವರ್ಷ ಗೂಗಲ್‌ನ ಸಂಶೋಧಕರು, ಸುರಕ್ಷಿತವಾಗಿರಲು ನೀವು ಮಾಡುವ ಮುಖ್ಯ ಕೆಲಸಗಳಾವುವು ಎಂದು ಕೇಳಿದಾಗ ತಜ್ಞರಲ್ಲಿ ನೂರಕ್ಕೆ 35 ಮಂದಿ ಅಪ್‌ಡೇಟ್ ಹೆಸರಿಸಿದರು. ತಜ್ಞರಲ್ಲದವರಲ್ಲಿ ನೂರಕ್ಕೆ ಕೇವಲ 2.

ಪರಿಶೀಲನೆ

ಸೂಚನೆಯ ಅಂದಚೆಂದ ನೋಡಿ ಅಸಲಿ ನಕಲಿ ತೀರ್ಮಾನಿಸುವುದು ಈಗ ಆಗದ ಕೆಲಸ. ಕಾಗುಣಿತ ತಪ್ಪಿದ್ದರೆ ವಂಚನೆ ಎಂಬ ಹಳೆಯ ಸೂತ್ರವಂತೂ ಕನ್ನಡದಲ್ಲಿ ಫೋನ್ ಬಳಸುವವರಿಗೆ ಎಂದೂ ಒದಗಿ ಬಂದಿಲ್ಲ. ಆಂಡ್ರಾಯ್ಡ್‌ನಲ್ಲಿ 2014ರಿಂದ ಕನ್ನಡವಿದೆ, ಆದರೆ ಅಸಲಿ ಸೂಚನೆಗಳೂ ಅರ್ಧ ಕನ್ನಡ ಅರ್ಧ ಇಂಗ್ಲಿಷ್, ಯಂತ್ರ ಅನುವಾದದ ಎಡವಟ್ಟುಗಳ ಸಮೇತ ಬರುತ್ತವೆ. ವಿವರಣೆಯ ಪುಟ ತೆರೆದರೆ ಅದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಇಷ್ಟು ಕೋಟಿ ಜನರ ಭಾಷೆಯಲ್ಲಿ ‘ಈ ಫೈಲ್ ಯಾಕೆ ಬಂತು’ ಎಂದು ನಾಲ್ಕು ಸಾಲು ಬರೆಯುವುದು ಯಾವ ಕಂಪನಿಗೂ ಭಾರವಾಗಬಾರದು.

ಕೆಲಸಕ್ಕೆ ಬರುವ ಮುಖ್ಯ ಕ್ರಮವೆಂದರೆ ಸೂಚನೆಯನ್ನು ಬಿಟ್ಟು ದಾರಿಯನ್ನು ನೋಡುವುದು. ಕಿಟಕಿ ಎದ್ದರೆ ಅದರೊಳಗೆ ಏನನ್ನೂ ಒತ್ತದೆ, ತಾವೇ ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್, ಸಿಸ್ಟಮ್ ಅಪ್‌ಡೇಟ್ ಅಥವಾ ಪ್ಲೇ ಸ್ಟೋರ್ ನೋಡಬೇಕು. ಅಸಲಿಯಾದರೆ ಸಾಮಾನ್ಯವಾಗಿ ಅಲ್ಲಿಯೂ ಇರುತ್ತದೆ. ಬ್ರೌಸರ್‌ನ ಅಪ್‌ಡೇಟ್ ಬ್ರೌಸರ್‌ನ ಮೆನುವಿನಲ್ಲೇ ಸಿಗುತ್ತದೆ, ಯಾವುದೋ ಜಾಲಪುಟದ ನಡುವೆ ಅಲ್ಲ. ವಿಂಡೋಸ್‌ನಲ್ಲಿ ಅಪರಿಚಿತ ಫೈಲ್ ಕಂಡರೆ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಯಾರದೆಂದು ನೋಡಬಹುದು. ಅಪ್‌ಡೇಟ್‌ನ ಕೆಬಿ ಸಂಖ್ಯೆಯನ್ನು ಮೈಕ್ರೋಸಾಫ್ಟ್‌ನ ಸಹಾಯ ತಾಣದಲ್ಲಿ ಹುಡುಕಬಹುದು. ಗೊತ್ತಿಲ್ಲದ ಫೋಲ್ಡರನ್ನು ವಿಚಾರಿಸುವ ಮೊದಲೇ ಅಳಿಸಬಾರದು. ವಾಟ್ಸ್‌ಆ್ಯಪ್‌ನಲ್ಲಿ ಬ್ಯಾಂಕಿನ ಕೆವೈಸಿ ಅಪ್‌ಡೇಟ್, ಸಂಚಾರ ಪೊಲೀಸರ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಅಳವಡಿಸುವ) ಫೈಲ್‌ಗಳಿಗೆ ಈ ಎಚ್ಚರಗಳೆಲ್ಲ ಬೇಕಿಲ್ಲ; ಅವನ್ನು ತೆರೆಯಲೇಬಾರದು. ತೆರೆದು ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು.